ಬಿತ್ತಿದ ಬೆಳೆ, ಬರೆಸಿದ ಬೆಳೆ ಒಂದೇ ಇರಲಿ: ಮುಂಗಾರಿನ ಬೆಳೆ ವಿಮೆ ಮಾಡಿಸುವ ಬಗೆ

ಕೊಪ್ಪಳ ಜಿಲ್ಲೆಯ ಗಂಗಾವತಿ, ಕಾರಟಗಿ ಕಡೆಯ ರೈತರು ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಡುವ ದಿನ ನೋಡಿಕೊಂಡು ಭತ್ತದ ಸಸಿಮಡಿ ಹಾಕುತ್ತಾರೆ; ಯಲಬುರ್ಗಾ, ಕುಕನೂರು, ಕುಷ್ಟಗಿ ಕಡೆಯವರು ಮುಗಿಲು ನೋಡಿಕೊಂಡು ಹೆಸರು, ಸಜ್ಜೆ, ಮೆಕ್ಕೆಜೋಳ, ತೊಗರಿ ಬಿತ್ತುತ್ತಾರೆ. ಇಬ್ಬರಿಗೂ ಇರುವ ವಿಮೆ ಒಂದೇ: 2016ರ ಮುಂಗಾರಿನಿಂದ ಜಾರಿಯಲ್ಲಿರುವ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ. ಕಂತು ಕಟ್ಟಿಯೂ ಪರಿಹಾರ ಕೈತಪ್ಪುವ ಪ್ರಕರಣಗಳಲ್ಲಿ ಹಲವಕ್ಕೆ ಕಾರಣ ಮಳೆಯೂ ಅಲ್ಲ, ಕಂಪನಿಯೂ ಅಲ್ಲ. ಹೊಲದಲ್ಲಿರುವ ಬೆಳೆ ಮತ್ತು ದಾಖಲೆಯಲ್ಲಿರುವ ಬೆಳೆ ಬೇರೆ ಬೇರೆಯಾಗಿರುವುದು.

ಮೊದಲು ಆಗಬೇಕಾದದ್ದು ಫ್ರೂಟ್ಸ್, ಅಂದರೆ ರೈತರ ಮತ್ತು ಅವರ ಜಮೀನಿನ ವಿವರ ಇಡುವ ರಾಜ್ಯದ ತಂತ್ರಾಂಶದಲ್ಲಿ ನೋಂದಣಿ. ಆಧಾರ್, ಬ್ಯಾಂಕ್ ಪಾಸ್‌ಬುಕ್ ಮತ್ತು ಪಹಣಿಯೊಂದಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋದರೆ ಎಫ್‌ಐಡಿ (ರೈತರ ಗುರುತಿನ) ಸಂಖ್ಯೆ ಸಿಗುತ್ತದೆ. ಈಗಾಗಲೇ ಸಂಖ್ಯೆ ಇರುವವರು ತಮ್ಮ ಎಲ್ಲ ಸರ್ವೆ ನಂಬರುಗಳೂ ಅದರಲ್ಲಿ ಸೇರಿವೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕು. ಬಿಟ್ಟುಹೋದ ಹೊಲಕ್ಕೆ ವಿಮೆ ಮಾಡಿಸಲು ಹೋದಾಗ ತೊಡಕಾಗುತ್ತದೆ. ಜಮೀನು ಇನ್ನೂ ತೀರಿಕೊಂಡ ತಂದೆಯ ಅಥವಾ ಅಜ್ಜನ ಹೆಸರಿನಲ್ಲಿಯೇ ಇದ್ದರೆ ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸದೆ ಮುಂದಿನ ಯಾವ ಹೆಜ್ಜೆಯೂ ಸುಗಮವಾಗುವುದಿಲ್ಲ. ಆ ಕೆಲಸವನ್ನು ಬಿತ್ತನೆಯ ಗಡಿಬಿಡಿಯಲ್ಲಿ ಮಾಡದೆ ಬೇಸಿಗೆಯಲ್ಲಿಯೇ ಮುಗಿಸುವುದು ಒಳಿತು.

ಎರಡನೆಯದಾಗಿ, ನಿಮ್ಮ ಊರಿಗೆ ಯಾವ ಬೆಳೆ ಅಧಿಸೂಚಿತವಾಗಿದೆ, ಅಂದರೆ ವಿಮೆಗೆ ಒಳಪಡುತ್ತದೆಂದು ಸರ್ಕಾರ ಪ್ರಕಟಿಸಿದೆ ಎಂದು ತಿಳಿಯಬೇಕು. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯನ್ನು, ಉಳಿದವಕ್ಕೆ ಹೋಬಳಿಯನ್ನು ವಿಮಾ ಘಟಕವೆಂದು, ಅಂದರೆ ಇಳುವರಿಯ ಸರಾಸರಿ ತೆಗೆಯುವ ಪ್ರದೇಶವೆಂದು ಹಿಡಿಯಲಾಗುತ್ತದೆ. ಒಂದೇ ಬೆಳೆಯನ್ನು ನೀರಾವರಿ ಮತ್ತು ಮಳೆಯಾಶ್ರಿತ ಎಂದು ಪ್ರತ್ಯೇಕವಾಗಿ ಅಧಿಸೂಚಿಸುವುದರಿಂದ, ಬೋರ್‌ವೆಲ್ ನೀರಿನಲ್ಲಿ ಮೆಕ್ಕೆಜೋಳ ಬೆಳೆಯುವವರು ಯಾವುದರಡಿ ಹೆಸರು ಬರೆಸುತ್ತಿದ್ದೇವೆ ಎಂಬುದನ್ನು ಗಮನಿಸಬೇಕು. ಕೊನೆಯ ದಿನಾಂಕವೂ ಬೆಳೆಯಿಂದ ಬೆಳೆಗೆ ಬದಲಾಗುತ್ತದೆ. ಪಕ್ಕದ ಹೊಲದವರ ದಿನಾಂಕ ತಮಗೂ ಅನ್ವಯಿಸುತ್ತದೆ ಎಂದುಕೊಂಡು ಕೂರಬಾರದು.

ಘಟಕದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ತಕರಾರು ಹುಟ್ಟುವುದೇ ಇಲ್ಲಿ. ಹಿಂದಿನ 7 ವರ್ಷಗಳಲ್ಲಿ ಉತ್ತಮವಾದ 5 ವರ್ಷಗಳ ಸರಾಸರಿಯನ್ನು ತೆಗೆದು, ಅದನ್ನು ನಿಗದಿತ ನಷ್ಟಭರ್ತಿ ಮಟ್ಟದಿಂದ (ಆ ಬೆಳೆಗೆ ವಿಮೆ ಭರಿಸುವ ಶೇಕಡಾ ಪ್ರಮಾಣ) ಗುಣಿಸಿ ಪ್ರಾರಂಭಿಕ ಇಳುವರಿಯನ್ನು, ಅಂದರೆ ಅದಕ್ಕಿಂತ ಕಡಿಮೆ ಬಂದರೆ ಪರಿಹಾರ ಸಿಗುವ ಮಟ್ಟವನ್ನು ಗೊತ್ತುಪಡಿಸುತ್ತಾರೆ. ಈ ವರ್ಷದ ಇಳುವರಿಯನ್ನು ಬೆಳೆ ಕಟಾವು ಪ್ರಯೋಗಗಳಿಂದ (ಆಯ್ದ ಹೊಲಗಳಲ್ಲಿ ಬೆಳೆ ಕೊಯ್ದು ತೂಗಿ) ಅಳೆಯುತ್ತಾರೆ. ಉದಾಹರಣೆಗೆ, ಪ್ರಾರಂಭಿಕ ಇಳುವರಿ ಹೆಕ್ಟೇರಿಗೆ 10 ಕ್ವಿಂಟಲ್ ಇದ್ದು ಪಂಚಾಯಿತಿಯ ಸರಾಸರಿ 6 ಕ್ವಿಂಟಲ್ ಬಂದರೆ ಕೊರತೆ ಶೇ 40. ವಿಮಾ ಮೊತ್ತ ಹೆಕ್ಟೇರಿಗೆ 40,000 ರೂಪಾಯಿ ಎಂದಿಟ್ಟುಕೊಂಡರೆ ಪರಿಹಾರ 16,000 ರೂಪಾಯಿ. ಅಂದರೆ ನಿಮ್ಮೊಬ್ಬರ ಹೊಲ ಪೂರ್ತಿ ಒಣಗಿದ್ದರೂ ಪಂಚಾಯಿತಿಯ ಸರಾಸರಿ ಕುಸಿಯದಿದ್ದರೆ ಬರದ ಹೆಸರಿನಲ್ಲಿ ಹಣ ಬರುವುದಿಲ್ಲ. ಇದು ಯೋಜನೆಯ ದೊಡ್ಡ ಮಿತಿಯೆಂದೇ ಹೇಳಬೇಕು. ಆದ್ದರಿಂದ ಊರಿನಲ್ಲಿ ಕಟಾವು ಪ್ರಯೋಗ ನಡೆಯುವ ದಿನ ನಾಲ್ಕು ಮಂದಿ ರೈತರು ಅಲ್ಲಿರುವುದು ಲೇಸು.

ರೈತರು ಕಟ್ಟಬೇಕಾದ ಕಂತು ಮುಂಗಾರಿಗೆ ವಿಮಾ ಮೊತ್ತದ ಶೇ 2ರಷ್ಟು, ಹಿಂಗಾರಿಗೆ ಶೇ 1.5ರಷ್ಟು, ವಾರ್ಷಿಕ ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ ಶೇ 5ರಷ್ಟು ಮೀರುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ಹೆಕ್ಟೇರಿಗೆ 800 ರೂಪಾಯಿ, ಎಕರೆಗೆ ಸುಮಾರು 324 ರೂಪಾಯಿ ಆಗುತ್ತದೆ. ಸಾಲ ಪಡೆಯದವರು ಬ್ಯಾಂಕಿನಲ್ಲಿ ಅಥವಾ ಸಾಮಾನ್ಯ ಸೇವಾ ಕೇಂದ್ರದಲ್ಲಿ ಅರ್ಜಿ ಕೊಟ್ಟು, ಸರ್ವೆ ನಂಬರು, ವಿಸ್ತೀರ್ಣ, ಬೆಳೆ ಮೂರನ್ನೂ ಅಲ್ಲಿಯೇ ಓದಿ ನೋಡಿ ರಸೀದಿ ಪಡೆಯಬೇಕು. ಬೆಳೆ ಸಾಲ ಪಡೆದವರಿಗೂ 2020ರ ಮುಂಗಾರಿನಿಂದ ವಿಮೆ ಐಚ್ಛಿಕ. ಆದರೆ ಬೇಡವೆಂದು ಕೊನೆಯ ದಿನಕ್ಕಿಂತ 7 ದಿನ ಮೊದಲು ಬರೆದುಕೊಡದಿದ್ದರೆ ಬ್ಯಾಂಕ್ ಕಂತನ್ನು ಕಡಿತ ಮಾಡುತ್ತದೆ. ಇಲ್ಲಿಯೇ ಒಂದು ಬಲೆ ಇದೆ: ಸಾಲದ ಅರ್ಜಿಯಲ್ಲಿ ಸಜ್ಜೆ ಎಂದಿದ್ದು, ಮಳೆ ತಡವಾಗಿ ನೀವು ಮೆಕ್ಕೆಜೋಳ ಬಿತ್ತಿದ್ದರೂ ವಿಮೆ ಸಜ್ಜೆಯ ಹೆಸರಿನಲ್ಲಿಯೇ ಹೋಗಬಹುದು. ಬೆಳೆ ಬದಲಾದುದನ್ನು ಕೊನೆಯ ದಿನಕ್ಕಿಂತ ಕನಿಷ್ಠ 2 ದಿನ ಮೊದಲು ಬ್ಯಾಂಕಿಗೆ ಲಿಖಿತವಾಗಿ ತಿಳಿಸಬೇಕು.

ಬಿತ್ತಿದ ಮೇಲೆ ಬೆಳೆ ಸಮೀಕ್ಷೆ. ರೈತರು ತಾವೇ ಹೊಲದಲ್ಲಿ ನಿಂತು ಮೊಬೈಲ್ ಆ್ಯಪ್‌ನಲ್ಲಿ ಫೋಟೊ ತೆಗೆದು ಬೆಳೆಯನ್ನು ದಾಖಲಿಸಬಹುದು. ಮಾಡದವರ ಹೊಲವನ್ನು ‘ಖಾಸಗಿ ನಿವಾಸಿಗಳು’, ಅಂದರೆ ಸಮೀಕ್ಷೆಗೆಂದು ನೇಮಿಸಿದ ಊರಿನವರು ಬಂದು ದಾಖಲಿಸುತ್ತಾರೆ. ಸಜ್ಜೆಯ ನಡುವೆ ತೊಗರಿ ಅಕ್ಕಡಿ ಹಾಕಿದ್ದರೆ ಅದನ್ನು ಮಿಶ್ರ ಬೆಳೆಯೆಂದೇ ಬರೆಸಬೇಕು. ದಾಖಲಾದುದು ಏನೆಂದು ‘ಬೆಳೆ ದರ್ಶಕ್’ ಆ್ಯಪ್‌ನಲ್ಲಿ ನೋಡಿ, ತಪ್ಪಿದ್ದರೆ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಬೇಕು. ವಿಮೆಯ ಬೆಳೆ ಈ ಸಮೀಕ್ಷೆಯೊಂದಿಗೆ ತಾಳೆಯಾಗದಿದ್ದರೆ ಪರಿಹಾರ ತಿರಸ್ಕೃತವಾಗುತ್ತದೆ. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ತೊಗರಿ ಮಾರುವಾಗಲೂ ಇದೇ ದಾಖಲೆಯನ್ನು ನೋಡುತ್ತಾರೆ.

ಇನ್ನು ಹಾನಿಯಾದಾಗ. ಆಲಿಕಲ್ಲು ಮಳೆ, ಮೇಘಸ್ಫೋಟದಂತಹ ಸ್ಥಳೀಯ ವಿಕೋಪಕ್ಕೆ, ಹಾಗೂ ಕೊಯ್ದು ಒಣಗಲು ಹೊಲದಲ್ಲಿ ಹರಡಿದ ಬೆಳೆ 14 ದಿನಗಳೊಳಗೆ ಅಕಾಲಿಕ ಮಳೆಗೆ ಹಾಳಾದರೆ, ಹೊಲವಾರು ಪರಿಹಾರವಿದೆ. ಆದರೆ 72 ಗಂಟೆಗಳೊಳಗೆ ಸಹಾಯವಾಣಿ 14447ಕ್ಕಾಗಲಿ, ಬ್ಯಾಂಕಿಗಾಗಲಿ, ಕೃಷಿ ಇಲಾಖೆಗಾಗಲಿ ತಿಳಿಸಿ ದೂರಿನ ಸಂಖ್ಯೆ ಪಡೆದಿರಬೇಕು. ಮಳೆಯಿಲ್ಲದೆ ಘಟಕದ ಶೇ 75ಕ್ಕಿಂತ ಹೆಚ್ಚು ಪ್ರದೇಶ ಬಿತ್ತನೆಯಾಗದೆ ಉಳಿದರೆ ವಿಮಾ ಮೊತ್ತದ ಶೇ 25 ದೊರೆತು ವಿಮೆ ಅಲ್ಲಿಗೆ ಮುಗಿಯುತ್ತದೆ.

ಬೆಳೆ ಪರಿಹಾರ ಇದರಿಂದ ಬೇರೆ. ಅದು ವಿಪತ್ತು ನಿಧಿಯಿಂದ ಕಂದಾಯ ಇಲಾಖೆಯ ಮೂಲಕ ಬರುವಂಥದ್ದು. 2022–26ರ ಮಾನದಂಡದಲ್ಲಿ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾನಿಗೆ ಮಳೆಯಾಶ್ರಿತ ಹೆಕ್ಟೇರಿಗೆ 8,500, ನೀರಾವರಿಗೆ 17,000 ರೂಪಾಯಿಯಂತೆ 2 ಹೆಕ್ಟೇರಿನವರೆಗೆ ನಿಗದಿಯಾಗಿತ್ತು. ಆ ಹಣ ಬಂತೆಂದು ವಿಮೆಯನ್ನು ಮರೆಯುವುದೂ, ವಿಮೆ ಮಾಡಿಸಿದ್ದೇವೆಂದು ಬೆಳೆ ಪರಿಹಾರವನ್ನು ಕೇಳದಿರುವುದೂ ಸರಿಯಲ್ಲ.

ವಿಮೆಯ ಹಣ ಆಧಾರ್ ಜೋಡಣೆಯಾದ ಖಾತೆಗೆ ಜಮೆಯಾಗುವುದರಿಂದ, ಹಲವು ಖಾತೆಗಳಿರುವವರು ಯಾವುದಕ್ಕೆ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿ ಕೇಳಿಕೊಳ್ಳಬೇಕು. ಅರ್ಜಿಯ ಸ್ಥಿತಿಯನ್ನು ರಾಜ್ಯದ ‘ಸಂರಕ್ಷಣೆ’ ಪೋರ್ಟಲ್‌ನಲ್ಲಿ ನೋಡಬಹುದು. ತಾಳೆಯಾಗಿಲ್ಲ ಎಂದು ತೋರಿಸಿದರೆ ತಡಮಾಡದೆ ಪಹಣಿ, ರಸೀದಿ ಮತ್ತು ಹೊಲದ ಫೋಟೊಗಳೊಂದಿಗೆ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿಗೆ ಲಿಖಿತ ಆಕ್ಷೇಪಣೆ ಸಲ್ಲಿಸಿ, ಸ್ವೀಕೃತಿ ಪಡೆದುಕೊಳ್ಳಬೇಕು.