ವಿಂಡ್‌ಸರ್ಫಿಂಗ್ ಹಾಯಿಗೆ ಯಾವ ಹಗ್ಗ? ಕಟ್ಟುವುದು ಹೇಗೆ?

ಮಂಗಳೂರಿನ ತಣ್ಣೀರುಬಾವಿ ಕಡಲತೀರದಲ್ಲಿ ಮಧ್ಯಾಹ್ನ ಕಡಲ ಗಾಳಿ ಏರುತ್ತಿರುತ್ತದೆ. ವಿಂಡ್‌ಸರ್ಫಿಂಗ್‌ಗೆ (ಹಾಯಿ ಹಾಕಿದ ಬೋರ್ಡ್ ಮೇಲೆ ನಿಂತು ನೀರಲ್ಲಿ ಸಾಗುವ ಆಟ) ಹಾಯಿ ಕಟ್ಟಲು ಕೂತವರು ಮಾತ್ರ ಮರಳಲ್ಲೇ ಇರುತ್ತಾರೆ. ಕಾಲು ಕೊಟ್ಟು ಎಳೆಯುತ್ತಾರೆ, ಅಂಗೈ ಸುಲಿಯುತ್ತದೆ, ಹಾಯಿ ಬಿಗಿಯಾಗುವುದಿಲ್ಲ. ಎಷ್ಟೋ ಸಲ ನೋಡಿದ್ದೇನೆ. ಹಗ್ಗ ತಪ್ಪಾಗಿರುತ್ತದೆ, ಇಲ್ಲವೇ ಅದನ್ನು ಪೋಣಿಸಿದ ದಾರಿ ತಪ್ಪಾಗಿರುತ್ತದೆ.

ಮೊದಲು ಹಗ್ಗ. ಬಂದರಿನಲ್ಲಿ, ಮಲ್ಪೆಯಲ್ಲಿ ಮೀನುಗಾರಿಕೆಯ ಹಗ್ಗ ಬೇಕಾದಷ್ಟು ಸಿಗುತ್ತದೆ. ದೋಣಿ ಕಟ್ಟಲು ಒಳ್ಳೆಯದೇ, ಹಾಯಿಗೆ ಬೇಡ. ನೈಲಾನ್ ಜಗ್ಗಿದಷ್ಟೂ ಹಿಗ್ಗುತ್ತದೆ. ದಡದಲ್ಲಿ ಬಿಗಿಯಾಗಿದ್ದ ಹಾಯಿ ನೀರಲ್ಲಿ ಸಡಿಲವಾಗುತ್ತದೆ. ಪ್ಲಾಸ್ಟಿಕ್ ಹಗ್ಗ ಕ್ಲೀಟ್‌ನ (ಎಳೆದ ಹಗ್ಗವನ್ನು ಕಚ್ಚಿ ಹಿಡಿಯುವ ಭಾಗ) ಹಲ್ಲಿಗೆ ಸಿಕ್ಕದೆ ಜಾರುತ್ತದೆ. ನಿಮಗೆ ಬೇಕಾದದ್ದು ಒಳಗೆ ಡೈನೀಮಾ ಎಂಬ ಹಿಗ್ಗದ ಗಟ್ಟಿ ನೂಲು, ಮೇಲೆ ಪಾಲಿಯೆಸ್ಟರ್ ಹೆಣಿಗೆ ಇರುವ 4 ಮಿಲಿಮೀಟರ್ ಹಗ್ಗ. ಡೌನ್‌ಹಾಲ್‌ಗೆ, ಅಂದರೆ ಹಾಯಿಯನ್ನು ಕಂಬದ ಬುಡದ ಕಡೆಗೆ ಎಳೆದು ಬಿಗಿ ಮಾಡುವ ಹಗ್ಗಕ್ಕೆ, 2 ಮೀಟರ್ ಸಾಕು. ಹೆಣಿಗೆ ಇಲ್ಲದ ಬರೀ ಡೈನೀಮಾ ತುಂಬಾ ನುಣುಪು, ಗಂಟೇ ನಿಲ್ಲುವುದಿಲ್ಲ. ಗಟ್ಟಿ ಇರಲಿ ಅಂತ 6 ಮಿಲಿಮೀಟರ್ ತರಬೇಡಿ, ರಾಟೆಯೊಳಗೆ ಹಿಡಿದುಕೊಳ್ಳುತ್ತದೆ.

ತುದಿಯನ್ನು ಓರೆಯಾಗಿ ಕತ್ತರಿಸಿ, ಬೆಂಕಿ ತೋರಿಸಿ, ಒದ್ದೆ ಬಟ್ಟೆಯಲ್ಲಿ ಹೊಸೆದು ಮೊನಚು ಮಾಡಿ. ಸುಮ್ನೆ ಕರಗಿಸಿ ಬಿಟ್ಟರೆ ತುದಿ ಅಣಬೆಯ ಹಾಗೆ ಉಬ್ಬುತ್ತದೆ, ರಾಟೆಯಲ್ಲಿ ನುಗ್ಗುವುದಿಲ್ಲ.

ಹಾಯಿಯೊಳಗೆ ಮಾಸ್ಟ್, ಅಂದರೆ ಕಂಬ, ತೂರಿಸಿ. ಹಾಯಿಯ ಮೇಲೆ ಲಫ್ (ಕಂಬದ ಕಡೆಯ ಅಂಚಿನ ಉದ್ದ) 430 ಎಂದಿದ್ದು ಮಾಸ್ಟ್ 400 ಸೆಂಟಿಮೀಟರ್ ಇದ್ದರೆ ಎಕ್ಸ್‌ಟೆನ್ಶನ್, ಅಂದರೆ ಮಾಸ್ಟ್ ಬುಡಕ್ಕೆ ಸೇರಿಸಿ ಉದ್ದ ಹೆಚ್ಚಿಸುವ ಕೊಳವೆ, 30. ಅಷ್ಟೇ.

ಎಲ್ಲರೂ ಎಡವುವುದು ಇನ್ನು ಮುಂದೆ. ಹಾಯಿಯ ಬುಡದಲ್ಲಿ ಮೂರು ರಾಟೆ, ಎಕ್ಸ್‌ಟೆನ್ಶನ್‌ನಲ್ಲಿ ಮೂರು. ಹಗ್ಗದ ಒಂದು ತುದಿಗೆ ಎಂಟರ ಆಕಾರದ ಗಂಟು ಹಾಕಿ ಎಕ್ಸ್‌ಟೆನ್ಶನ್‌ನ ತೂತಿನಲ್ಲಿ ನಿಲ್ಲಿಸಿ. ಅಲ್ಲಿಂದ ಮೇಲಿನ ಹತ್ತಿರದ ರಾಟೆ, ಕೆಳಗಿನದು, ಮತ್ತೆ ಮೇಲಿನ ಪಕ್ಕದ್ದು. ಹೀಗೆ ಒಂದೇ ದಿಕ್ಕಿಗೆ ಸಾಗಿ ಕೊನೆಗೆ ಎಕ್ಸ್‌ಟೆನ್ಶನ್‌ನ ಕ್ಲೀಟ್‌ಗೆ ಬನ್ನಿ. ಎಳೆಯುವ ಮೊದಲು ಬಗ್ಗಿ ನೋಡಿ. ಆರು ಎಳೆ ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ಕಾಣಬೇಕು. ಒಂದು ಎಳೆ ಇನ್ನೊಂದರ ಮೇಲೆ ಹಾದಿದ್ದರೂ ಬಿಚ್ಚಿ ಮತ್ತೆ ಪೋಣಿಸಿ. ಬಾವಿಯ ಹಗ್ಗ ರಾಟೆಯಿಂದ ಜಾರಿ ಪಕ್ಕದ ಸಂದಿಗೆ ಸಿಕ್ಕಿಕೊಂಡಾಗ ಕೊಡ ಎಷ್ಟು ಭಾರವಾಗುತ್ತದೆ, ಅಲ್ವಾ? ಇಲ್ಲೂ ಹಾಗೆಯೇ. ದಾರಿ ಸರಿಯಿದ್ದರೆ ಆರು ಎಳೆ ಭಾರ ಹಂಚಿಕೊಳ್ಳುತ್ತವೆ.

ಹಾಯಿಯಲ್ಲಿ ರಾಟೆ ಇಲ್ಲದೆ ಬರೀ ಲೋಹದ ಬಳೆ ಇದ್ದರೆ, ಕೊಕ್ಕೆ ಇರುವ ಮೂರು ರಾಟೆಯ ಬ್ಲಾಕ್ ತಗೊಳ್ಳಿ. ಒಮ್ಮೆ ಪೋಣಿಸಿ ಹಾಗೇ ಬಿಡಿ. ದಿನಾ ಕೊಕ್ಕೆ ಸಿಕ್ಕಿಸಿದರೆ ಆಯಿತು.

ಹಗ್ಗವನ್ನು ಒಂದು ಕೋಲಿಗೆ ಸುತ್ತಿ, ಮಾಸ್ಟ್ ಬುಡಕ್ಕೆ ಪಾದ ಕೊಟ್ಟು ನಿಧಾನ ಎಳೆಯಿರಿ. ಹಾಯಿಯ ಮೇಲ್ತುದಿಯಲ್ಲಿ ಹಿಂದಿನ ಅಂಚು ಜೋಲಬೇಕು. ಹೊಸಬರು ಅದನ್ನು ನೋಡಿ ಹೆದರಿ ಅರ್ಧಕ್ಕೇ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ. ಸರಿಯಾದ ಬಿಗಿ ಬಂದಾಗ ಕ್ಲೀಟ್ ಬಳಿ ಹಗ್ಗದ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದಿಡಿ. ನಾಳೆ ನೇರ ಆ ಗೆರೆಗೆ ಎಳೆದರಾಯಿತು.

ಆಮೇಲೆ ಬೂಮ್ (ಕೈಯಲ್ಲಿ ಹಿಡಿಯುವ ಅಡ್ಡಕೋಲು), ಔಟ್‌ಹಾಲ್ (ಹಾಯಿಯ ಹಿಂದಿನ ಮೂಲೆಯನ್ನು ಬೂಮ್‌ನ ತುದಿಗೆ ಎಳೆಯುವ ಹಗ್ಗ). ಇದು ಕೆಲವೇ ಸೆಂಟಿಮೀಟರ್ ಎಳೆತ. ನೀರಲ್ಲಿ ಸಾಗುತ್ತಲೇ ಬಿಗಿ ಬದಲಿಸುವ ಸೆಟ್‌ಗಳನ್ನು ಮಾರುತ್ತಾರೆ. ಕಲಿಯುವವರಿಗೆ ಬೇಡವೇ ಬೇಡ, ಸಿಕ್ಕಿಕೊಳ್ಳಲು ಇನ್ನೆರಡು ಹಗ್ಗ ಜಾಸ್ತಿ ಅಷ್ಟೇ.

ಮುಗಿದ ಮೇಲೆ ಸಿಹಿನೀರಲ್ಲಿ ರಾಟೆ ತೊಳೆಯಿರಿ, ಮರಳು ಉಳಿದರೆ ಹಗ್ಗವನ್ನು ಅರೆಯುತ್ತದೆ. ಕ್ಲೀಟ್ ಕಚ್ಚುವ ಜಾಗವನ್ನು ಬೆರಳಲ್ಲಿ ಮುಟ್ಟಿ ನೋಡಿ. ಹೆಣಿಗೆ ಸವೆದು ಒಳಗಿನ ಎಳೆ ಕಂಡರೆ ಆ ಹಗ್ಗ ಬಿಸಾಡಿ. ಡೌನ್‌ಹಾಲ್ ಕಡಲಲ್ಲಿ ತುಂಡಾದರೆ ಮಾಸ್ಟ್ ಬುಡದಿಂದಲೇ ಕಳಚಬಹುದು. ಆಗ ಹಾಯಿ ಒಂದು ಕಡೆ, ಬೋರ್ಡ್ ಇನ್ನೊಂದು ಕಡೆ. ಅಳತೆಗೆ ಕತ್ತರಿಸಿದ ಇನ್ನೊಂದು ತುಂಡು ಚೀಲದಲ್ಲಿರಲಿ.