ಕಾರಿನ ತೊಳೆಯುವ ಏರ್ ಫಿಲ್ಟರ್ ತೆಗೆದು ಮತ್ತೆ ಕಾಗದದ ಫಿಲ್ಟರ್ ಹಾಕಿದೆ

ನನ್ನದು ಒಣದ್ರಾಕ್ಷಿ ವ್ಯಾಪಾರ. ಮಾರ್ಚ್, ಏಪ್ರಿಲ್ ಬಂತೆಂದರೆ ಬೆಳಿಗ್ಗೆಯೇ ವಿಜಯಪುರ ಬಿಟ್ಟು ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಒಣಗಿಸುವ ಶೆಡ್‌ಗಳನ್ನು ಸುತ್ತುತ್ತೇನೆ. ಶೆಡ್‌ಗಳು ಡಾಂಬರು ರಸ್ತೆಯ ಪಕ್ಕ ಇರುವುದಿಲ್ಲ. ದ್ರಾಕ್ಷಿ ಪಡ ದಾಟಿ, ಬಂಡಿದಾರಿಯಲ್ಲಿ ಒಂದೆರಡು ಕಿಲೋಮೀಟರ್ ಒಳಗೆ ಹೋಗಬೇಕು. ಮುಂದೆ ಒಂದು ಟ್ರಾಕ್ಟರ್ ಇದ್ದರೆ ಮುಗಿಯಿತು, ಎರೆಹುಡಿ ಎದ್ದು ನಮ್ಮ ಬಾನೆಟ್ಟೇ ನಮಗೆ ಕಾಣುವುದಿಲ್ಲ. ಮಹಾರಾಷ್ಟ್ರದ ತಾಸಗಾಂವ್ ಮಾರ್ಕೆಟ್‌ಗೆ ಹೋಗುವುದೂ ಇದೇ ಕಾರಿನಲ್ಲಿ. 1248 ಸಿಸಿಯ ಡೀಸೆಲ್ ಸ್ವಿಫ್ಟ್.

ಮೊದಲು ಎಲ್ಲರಂತೆ, ಎಂಜಿನ್‌ಗೆ ಹೋಗುವ ಗಾಳಿಯ ಧೂಳು ತಡೆಯಲು ಕಾಗದದ ಏರ್ ಫಿಲ್ಟರ್ ಇತ್ತು. ಗ್ಯಾರೇಜಿನ ಹುಡುಗರು ಅದನ್ನು ತೆಗೆದು ಟೈರಿಗೆ ನಾಲ್ಕು ಸಲ ಬಡಿದು, ಗಾಳಿ ಪೈಪ್ ಹಿಡಿದು ಜೋರಾಗಿ ಊದಿ ಮತ್ತೆ ಕೂರಿಸುತ್ತಿದ್ದರು. ಸೀಸನ್‌ನಲ್ಲಿ ಎರಡು ಸಲ ಹೊಸದು ಹಾಕಿಸಬೇಕಾಗುತ್ತಿತ್ತು. ಪ್ರತಿ ಸಲ ಯಾಕೆ ಎಸೆಯಬೇಕು, ತೊಳೆದು ಬಳಸುವುದೇ ಇದೆಯಲ್ಲ ಅಂತ ಗೆಳೆಯರೊಬ್ಬರು ಹೇಳಿದರು. ಸುಮಾರು ಐದು ಸಾವಿರ ಕೊಟ್ಟು ಹತ್ತಿಬಟ್ಟೆಯ ಕೆಂಪು ಫಿಲ್ಟರ್ ತರಿಸಿದೆ. ತೊಳೆಯುವ ದ್ರಾವಣ, ಎಣ್ಣೆ ಬೇರೆ ಖರ್ಚು.

ಹಾಕಿದ ದಿನ ಖುಷಿಯಾಯಿತು. ಎಕ್ಸಲರೇಟರ್ ಒತ್ತಿದಾಗ ಗಾಳಿ ಎಳೆಯುವ ಸದ್ದು ಚೆನ್ನಾಗಿ ಕೇಳುತ್ತಿತ್ತು. ಗಾಡಿ ಹಗುರ ಅನ್ನಿಸಿತು. ಆದರೆ ಮೂರು ತಿಂಗಳು ಡೀಸೆಲ್ ಲೆಕ್ಕ ಬರೆದಿಟ್ಟು ನೋಡಿದೆ, ಮೈಲೇಜ್ ಇದ್ದಷ್ಟೇ ಇತ್ತು. ಆಮೇಲೆ ಓದಿದಾಗ ಇದು ನನ್ನೊಬ್ಬನ ಅನುಭವ ಅಲ್ಲ ಅಂತ ತಿಳಿಯಿತು. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಬೇಕೆಂದೇ ಫಿಲ್ಟರ್ ಕಟ್ಟಿಹೋಗುವಂತೆ ಮಾಡಿ ಪರೀಕ್ಷೆ ಮಾಡಿತ್ತು. ಕಂಪ್ಯೂಟರ್ ಇರುವ ಇಂಜೆಕ್ಷನ್ ಪೆಟ್ರೋಲ್ ಕಾರುಗಳಲ್ಲಿ ಮೈಲೇಜ್ ಹೇಳುವಷ್ಟು ಬದಲಾಗಲಿಲ್ಲ, ವೇಗ ಹಿಡಿಯುವುದು ಮಾತ್ರ ನಿಧಾನವಾಯಿತು. ಅಂಥ ಕಾರಿನಲ್ಲಿ ಗಾಳಿ ಎಷ್ಟು ಬರುತ್ತದೋ ಅದಕ್ಕೆ ತಕ್ಕಂತೆ ಕಂಪ್ಯೂಟರ್ ಇಂಧನ ಬಿಡುತ್ತದೆ, ಅಷ್ಟೇ.

ತೊಳೆಯುವುದು ತಾಳ್ಮೆಯ ಕೆಲಸ. ಮೊದಲು ಒಣ ಧೂಳು ಮೆಲ್ಲಗೆ ತಟ್ಟಿ ತೆಗೆಯಬೇಕು. ದ್ರಾವಣ ಸಿಂಪಡಿಸಿ ಹತ್ತು ನಿಮಿಷ ಬಿಡಬೇಕು. ಆಮೇಲೆ ಒಳಬದಿಯಿಂದ ಹೊರಬದಿಗೆ ಸಣ್ಣಗೆ ನೀರು ಬಿಟ್ಟು ತೊಳೆಯಬೇಕು. ಹೊರಗಿನಿಂದ ಬಿಟ್ಟರೆ ಹೊಲಸು ಮತ್ತೆ ಒಳಗೇ ಸೇರುತ್ತದೆ. ನಮ್ಮ ಬೋರಿನದು ಸವಳು ನೀರು, ಅದಕ್ಕೆ ನಾನು ಕುಡಿಯುವ ನೀರಿನಲ್ಲೇ ಕೊನೆಯ ಸಲ ತೊಳೆಯುತ್ತಿದ್ದೆ. ಪೆಟ್ರೋಲ್, ಸೀಮೆಎಣ್ಣೆ ತಾಗಿಸಬಾರದು. ನೆರಳಲ್ಲೇ ಒಣಗಬೇಕು, ಗಾಳಿ ಪೈಪ್ ಹಿಡಿದು ಒಣಗಿಸಬಾರದು. ಪೂರ್ತಿ ಒಣಗಿದ ಮೇಲೆ ಒಂದೊಂದು ಮಡಿಕೆಗೂ ಕೆಂಪು ಎಣ್ಣೆ ಬಿಟ್ಟು, ಅದು ಹರಡುವ ತನಕ ಕಾಯಬೇಕು. ಅಷ್ಟು ಹೊತ್ತು ಕಾರು ನಿಂತಿರಬೇಕು. ಸೀಸನ್‌ನಲ್ಲಿ ಅದೇ ಕಷ್ಟ.

ಎರಡನೇ ಬೇಸಿಗೆಯಲ್ಲಿ ಒಂದು ಸಂಜೆ ಫಿಲ್ಟರ್ ಇರುವ ಡಬ್ಬಿ ತೆರೆದಾಗ, ಫಿಲ್ಟರ್ ದಾಟಿ ಎಂಜಿನ್ ಕಡೆ ಹೋಗುವ ರಬ್ಬರ್ ಪೈಪನ್ನೂ ಬಿಚ್ಚಿದೆ. ಹಳೆಯ ಬಿಳಿ ಧೋತರದ ತುಂಡನ್ನು ಬೆರಳಿಗೆ ಸುತ್ತಿ ಒಳಗೆ ಒರೆಸಿದೆ. ಬಟ್ಟೆಯ ಮೇಲೆ ಬೂದಿಯಂಥ ನಯವಾದ ಹುಡಿ ಬಂತು. ಬೆರಳಿಂದ ಉಜ್ಜಿದರೆ ಸಣ್ಣಗೆ ಗರಗರ ಅನ್ನುತ್ತಿತ್ತು. ಅದು ಧೂಳು ಬರಲೇಬಾರದ ಜಾಗ. ಮುಂದೆ ಇರುವುದು ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೋ, ಅದರಾಚೆ ಸಿಲಿಂಡರ್. ಎದೆ ಧಸಕ್ಕೆಂದಿತು.

ಫಿಲ್ಟರನ್ನು ಬಿಸಿಲಿಗೆ ಹಿಡಿದು ನೋಡಿದೆ. ಎರಡು ಮೂರು ಮಡಿಕೆಗಳ ತಳ ಕೆಂಪಾಗಿರದೆ ಬೆಳ್ಳಗಿತ್ತು. ಎಣ್ಣೆ ಅಲ್ಲಿಗೆ ಮುಟ್ಟಿರಲಿಲ್ಲ. ಈ ಫಿಲ್ಟರ್‌ನಲ್ಲಿ ಹತ್ತಿಯ ಕಣ್ಣು ದೊಡ್ಡದು, ಸಣ್ಣ ಧೂಳನ್ನು ಹಿಡಿಯುವುದು ಎಣ್ಣೆಯ ಅಂಟು. ಅಂಟಿಲ್ಲದ ಕಡೆ ಧೂಳು ದಾಟಿಬಿಡುತ್ತದೆ. ಹಾಗಂತ ಜಾಸ್ತಿ ಎಣ್ಣೆ ಬಿಡುವಂತೆಯೂ ಇಲ್ಲ. ಫಿಲ್ಟರ್ ಆದ ಕೂಡಲೇ ಗಾಳಿ ಅಳೆಯುವ ಸೆನ್ಸರ್ ಇರುತ್ತದೆ. ಅದರೊಳಗಿನ ಬಿಸಿಯಾದ ತೆಳು ಪದರವನ್ನು ಗಾಳಿ ಎಷ್ಟು ತಣ್ಣಗೆ ಮಾಡುತ್ತದೆ ಅನ್ನುವುದರ ಮೇಲೆ ಲೆಕ್ಕ. ಎಣ್ಣೆ ಹಾರಿ ಅದಕ್ಕೆ ಮೆತ್ತಿಕೊಂಡರೆ ಲೆಕ್ಕವೇ ತಪ್ಪುತ್ತದೆ. ಕಡಿಮೆಯೂ ಆಗಬಾರದು, ಜಾಸ್ತಿಯೂ ಆಗಬಾರದು. ನಮ್ಮ ಧೂಳಲ್ಲಿ ಪದೇ ಪದೇ ತೊಳೆಯಬೇಕು, ಹಾಗಾಗಿ ತಪ್ಪುವ ಅವಕಾಶವೂ ಪದೇ ಪದೇ ಬರುತ್ತದೆ.

ಒಂದು ಲೆಕ್ಕ ಹಾಕಿ ನೋಡಿ. ಈ ಎಂಜಿನ್ ಎರಡು ಸುತ್ತಿಗೆ ಒಮ್ಮೆ 1248 ಸಿಸಿ, ಅಂದರೆ ಸುಮಾರು ಒಂದೂಕಾಲು ಲೀಟರ್ ಗಾಳಿ ಎಳೆಯುತ್ತದೆ. ನಿಮಿಷಕ್ಕೆ 2000 ಸುತ್ತು ತಿರುಗಿದರೆ, ಟರ್ಬೋ ತುಂಬುವುದನ್ನು ಬಿಟ್ಟರೂ, ಸುಮಾರು 1200 ಲೀಟರ್ ಗಾಳಿ ಎಳೆಯುತ್ತದೆ. ಗಂಟೆಗೆ 70 ಸಾವಿರ ಲೀಟರ್ ದಾಟುತ್ತದೆ. ಅಷ್ಟು ಗಾಳಿಯಲ್ಲಿ ಚೂರೇ ಚೂರು ಧೂಳು ನುಸುಳಿದರೂ ವರ್ಷಕ್ಕೆ ಎಷ್ಟಾಯಿತು, ಅಲ್ವಾ? ನನಗೆ ಅದೇ ಸಾಕಾಯಿತು.

ಮರುದಿನವೇ ಕಾಗದದ ಫಿಲ್ಟರ್ ಹಾಕಿದೆ. ಹಾಕುವ ಮುಂಚೆ ಡಬ್ಬಿಯ ತಳ ಒದ್ದೆ ಬಟ್ಟೆಯಿಂದ ಒರೆಸಿ, ರಬ್ಬರ್ ಅಂಚು ಸುತ್ತಲೂ ಸರಿಯಾಗಿ ಕೂತಿದೆಯಾ ಅಂತ ಬೆರಳಾಡಿಸಿ ನೋಡಿ, ಆಮೇಲೆ ಕ್ಲಿಪ್ ಹಾಕಿದೆ. ಅಂಚು ಸರಿಯಾಗಿ ಕೂರದಿದ್ದರೆ ಎಂಥ ಫಿಲ್ಟರ್ ಇದ್ದೂ ಉಪಯೋಗವಿಲ್ಲ. ಈಗ ಯಾರಿಗೂ ಟೈರಿಗೆ ಬಡಿಯಲು, ಜೋರಾಗಿ ಊದಲು ಬಿಡುವುದಿಲ್ಲ. ಅದರಿಂದ ಕಾಗದ ಹರಿಯುತ್ತದೆ, ಹರಿದದ್ದು ಕಣ್ಣಿಗೂ ಕಾಣುವುದಿಲ್ಲ. ಇನ್ನೊಂದು ಮಾತು. ಕಾಗದದ ಮೇಲೆ ಸ್ವಲ್ಪ ಧೂಳು ಕೂತರೆ ಅದು ಇನ್ನಷ್ಟು ಸಣ್ಣ ಧೂಳನ್ನು ತಡೆಯುತ್ತದೆ. ಹಾಗಾಗಿ ಮಾಸಿದ ಕೂಡಲೇ ತೆಗೆದು ಕೆದಕುವುದನ್ನೂ ಬಿಟ್ಟಿದ್ದೇನೆ. ಸೀಸನ್ ನಡುವೆ ಒಂದು, ಮುಗಿದ ಮೇಲೆ ಒಂದು ಹೊಸದು. ಒಂದಕ್ಕೆ ನಾನೂರು ರೂಪಾಯಿ ಆಸುಪಾಸು. ಕೆಂಪು ಫಿಲ್ಟರ್‌ಗೆ ಕೊಟ್ಟ ದುಡ್ಡಿನಲ್ಲಿ ಆರು ವರ್ಷ ಕಳೆಯುತ್ತದೆ.

ಆ ಕೆಂಪು ಫಿಲ್ಟರ್ ಈಗ ಬೆಂಗಳೂರಿನಲ್ಲಿರುವ ತಮ್ಮನ ಕಾರಿನಲ್ಲಿದೆ. ಅವನದೂ ಇದೇ ಎಂಜಿನ್, ಓಡಾಟವೆಲ್ಲ ಡಾಂಬರಿನ ಮೇಲೆ. ಎಣ್ಣೆ ನಾನೇ ಹಚ್ಚಿ ಕೊಟ್ಟಿದ್ದೆ, ಈ ಸಲ ಒಂದೊಂದು ಮಡಿಕೆ ಬಿಡಿಸಿ ನೋಡಿ. ದೀಪಾವಳಿಗೆ ಊರಿಗೆ ಬಂದಾಗ ಅವನ ಪೈಪ್ ಬಿಚ್ಚಿ ಅದೇ ಥರ ಧೋತರದ ತುಂಡಿನಿಂದ ಒರೆಸಿದೆ. ಬಟ್ಟೆ ಬೆಳ್ಳಗೇ ಬಂತು.