ಬೇಸಿಗೆಯ ಹೂಗಿಡಕ್ಕೆ ಜೇನು ಬರಬೇಕಾದರೆ

ಮಾರ್ಚ್ ತಿಂಗಳು ಬಂತೆಂದರೆ ಶಿವಮೊಗ್ಗದ ನಮ್ಮ ಬೀದಿಯ ಹೊಸ ಸಂಸಾರದ ಹೆಣ್ಣುಮಕ್ಕಳು ನರ್ಸರಿಯಿಂದ ಆಟೋ ತುಂಬ ಹೂಕುಂಡಗಳನ್ನು ತಂದಿಳಿಸುತ್ತಾರೆ. ಯುಗಾದಿ ಕಳೆದು ತಿಂಗಳಾಗುವಷ್ಟರಲ್ಲಿ ಅರ್ಧ ಗಿಡ ಒಣಗಿರುತ್ತದೆ, ಉಳಿದ ಅರ್ಧದಲ್ಲಿ ಹೂವಿದ್ದರೂ ಒಂದು ಜೇನಾಗಲಿ ಚಿಟ್ಟೆಯಾಗಲಿ ಸುಳಿಯುವುದಿಲ್ಲ. ಆಗ "ದೊಡ್ಡಮ್ಮ, ನಿಮ್ಮ ಅಂಗಳಕ್ಕೆ ಮಾತ್ರ ಹೇಗೆ ಬರುತ್ತವೆ?" ಎಂದು ಕೇಳಲು ಬರುತ್ತಾರೆ. ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಹೋದವರು ಮರುದಿನ ಮತ್ತೆ ನಡುಮಧ್ಯಾಹ್ನ ಪೈಪು ಹಿಡಿದು, ಅರಳಿದ ಹೂವಿನ ತಲೆಯ ಮೇಲೆಯೇ ನೀರು ಸುರಿಯುತ್ತಿರುತ್ತಾರೆ. ಅದನ್ನು ನೋಡಿ ನೋಡಿ ಬೇಸತ್ತು ಈಗ ಬರೆದೇ ಹೇಳುತ್ತಿದ್ದೇನೆ.

ನೀರನ್ನು ಬೆಳಕು ಹರಿಯುವ ಮುನ್ನ ಬುಡಕ್ಕೆ ಹಾಕಬೇಕು, ಮಣ್ಣು ಒದ್ದೆಯಾಗಿ ಬೆರಳಿಗೆ ತಂಪು ಹತ್ತುವಷ್ಟು ಸಾಕು. ಬುಡದ ಮೇಲೆ ಅಡಿಕೆ ಸಿಪ್ಪೆಯನ್ನೋ ಒಣಗಿದ ಎಲೆಯನ್ನೋ ಹೊದಿಸಿದರೆ ಸಂಜೆಯವರೆಗೆ ಆ ತಂಪು ನಿಲ್ಲುತ್ತದೆ. ಹೂವಿನ ಪರಾಗ ನೀರಿನಲ್ಲಿ ನೆನೆದು ಮುದ್ದೆಯಾದರೆ ಜೇನಿಗೆ ಅದರಿಂದ ಉಪಯೋಗವಿಲ್ಲ ಎಂಬುದನ್ನು ಇನ್ನೆಷ್ಟು ಸಲ ಹೇಳಬೇಕೋ ತಿಳಿಯದು.

ಗಿಡ ಕೊಳ್ಳುವಾಗಲೂ ತಪ್ಪುತ್ತಾರೆ. ನೋಟಕ್ಕೆ ಚೆಂದವೆಂದು ಹಲವು ಸುತ್ತಿನ ದಾಸವಾಳ, ಮುದ್ದೆಯಂಥ ಚೆಂಡುಹೂವುಗಳನ್ನೇ ಆರಿಸುತ್ತಾರೆ. ಎಸಳಿನ ಮೇಲೆ ಎಸಳು ಒತ್ತೊತ್ತಾಗಿರುವ ದಾಸವಾಳದಲ್ಲಿ ಕೇಸರಗಳೇ ಎಸಳುಗಳಾಗಿ ಮಾರ್ಪಟ್ಟಿರುತ್ತವೆ. ಇಂಥ ಹೂವಿನಲ್ಲಿ ಪರಾಗವೂ ಕಡಿಮೆ, ಒಳಗೆ ನುಗ್ಗಲು ದಾರಿಯೂ ಇಲ್ಲ. ಒಂದೇ ಸುತ್ತಿನ ಎಸಳಿರುವ ದಾಸವಾಳ, ಕಾಮಕಸ್ತೂರಿ, ಕೇಪಳ, ಬಿಸಿಲೇರಿದಂತೆ ಅರಳುವ ಟೇಬಲ್ ರೋಸ್, ಇವಿಷ್ಟಿದ್ದರೆ ಚಿಕ್ಕ ಅಂಗಳಕ್ಕೆ ಧಾರಾಳವಾಯಿತು. ಒಂದೆರಡು ಬದನೆ ಗಿಡವೂ ಇರಲಿ. ಅದರ ಪರಾಗ ಕೇಸರದ ತುದಿಯ ಸಣ್ಣ ರಂಧ್ರದಿಂದ ಹೊರಬೀಳಬೇಕು. ದೊಡ್ಡ ಕಪ್ಪು ದುಂಬಿ ಬಂದು ಹೂವನ್ನು ತಬ್ಬಿ, ಮೈ ನಡುಗಿಸಿ ಗುಂಯ್‌ಗುಟ್ಟಿದಾಗ ಹಳದಿ ಪುಡಿ ಅದರ ಹೊಟ್ಟೆಯ ಮೇಲೆ ಉದುರುವುದನ್ನು ಹತ್ತಿರ ನಿಂತರೆ ಕಾಣಬಹುದು. ಪೂಜೆಗೆಂದು ಬೆಳಗಿನ ಜಾವವೇ ಗಿಡವನ್ನೆಲ್ಲ ಬೋಳಿಸಬೇಡಿ, ಅರ್ಧ ಹೂವನ್ನು ಗಿಡದಲ್ಲಿಯೇ ಬಿಡಿ. ತುಳಸಿಯ ತೆನೆಯನ್ನೂ ಹಾಗೆಯೇ, ಎಲ್ಲವನ್ನೂ ಚಿವುಟದೆ ನಾಲ್ಕಾರು ಉಳಿಸಿ.

ಇಷ್ಟಾದರೂ ಜೇನು ಬಾರದಿದ್ದರೆ ನೀರಿಲ್ಲವೆಂದೇ ಅರ್ಥ. ಬೇಸಿಗೆಯಲ್ಲಿ ಜೇನು ನೀರನ್ನು ಕುಡಿಯುವುದಷ್ಟೇ ಅಲ್ಲ, ಗೂಡಿಗೆ ಹೊತ್ತೊಯ್ದು ಒಳಗೆ ಹನಿಹನಿಯಾಗಿ ಹರಡಿ, ರೆಕ್ಕೆಯಿಂದ ಗಾಳಿ ಬೀಸಿ ಗೂಡನ್ನು ತಂಪಾಗಿಸುತ್ತದೆ. ಅದಕ್ಕೆ ನೀರಿಡುತ್ತೇವೆಂದು ಆಳವಾದ ಬೋಗುಣಿಯನ್ನು ತುಂಬಿಸಿಡುವವರಿದ್ದಾರೆ. ಸಂಜೆ ಅದರಲ್ಲಿ ಸತ್ತು ತೇಲುವ ಜೇನುಗಳನ್ನು ಕಂಡಾಗ ನನ್ನ ಹೊಟ್ಟೆ ಉರಿಯುತ್ತದೆ. ಕುಂಡದ ಕೆಳಗಿಡುವ ಅಗಲವಾದ ಮಣ್ಣಿನ ತಟ್ಟೆಯೇ ಬೇಕು. ಹೊಸದಾದರೆ ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಡಿ, ಇಲ್ಲವಾದರೆ ಹಾಕಿದ ನೀರನ್ನೆಲ್ಲ ಅದೇ ಹೀರುತ್ತದೆ. ಅದರಲ್ಲಿ ಅಡಿಕೆ ಗಾತ್ರದ ಹೊಳೆಗಲ್ಲುಗಳನ್ನು ಒಂದಕ್ಕೊಂದು ತಾಗುವಂತೆ ಜೋಡಿಸಬೇಕು. ತೀರ ನುಣುಪಾದ ಹೊಳಪುಗಲ್ಲು ಬೇಡ, ಕಾಲು ಜಾರುತ್ತದೆ. ತುಂಗೆಯ ದಡದಲ್ಲಿ ಸಿಗುವ ಸ್ವಲ್ಪ ತರಿತರಿಯಾದ ಕಲ್ಲೇ ಲೇಸು. ನೀರನ್ನು ತಟ್ಟೆಯ ಅಂಚಿನಿಂದ ನಿಧಾನವಾಗಿ, ಕಲ್ಲಿನ ನೆತ್ತಿ ನೆನೆಯದಂತೆ, ಅರ್ಧ ಕಲ್ಲು ಮುಳುಗುವವರೆಗೆ ಮಾತ್ರ ಬಿಡಬೇಕು. ಮೊದಲ ದಿನ ಒಂದು ಚಿಟಿಕೆ ಕಲ್ಲುಪ್ಪು ಹಾಕಿ, ಜೇನಿಗೆ ತುಸು ಉಪ್ಪಿನಂಶದ ನೀರು ಇಷ್ಟ. ಬೆಳಗಿನ ಎಳೆಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಕಡೆ ತಟ್ಟೆಯನ್ನಿಡಿ, ಇಟ್ಟ ಮೇಲೆ ಜಾಗ ಬದಲಿಸಬೇಡಿ. ಒಮ್ಮೆ ದಾರಿ ಕಲಿತ ಜೇನು ಅದೇ ಜಾಗವನ್ನು ಹುಡುಕಿಕೊಂಡು ಬರುತ್ತದೆ. ಇಂದು ಇಲ್ಲಿ, ನಾಳೆ ಅಲ್ಲಿ ಎಂದರೆ ಅದು ಅಲೆದು ಹಿಂದಿರುಗುತ್ತದೆ. ಮಧ್ಯಾಹ್ನಕ್ಕೆ ನೀರು ಆರಿರುತ್ತದೆ, ಒಂದು ಲೋಟ ಮತ್ತೆ ಬಿಡಿ. ಎರಡು ದಿನಕ್ಕೊಮ್ಮೆ ಕಲ್ಲುಗಳನ್ನು ತೆಗೆದು ತೆಂಗಿನ ನಾರಿನಿಂದ ತಟ್ಟೆಯನ್ನು ಉಜ್ಜಿ, ಸೋಪು ಸೋಕಿಸಬೇಡಿ. ಹೀಗೆ ಮಾಡಿದರೆ ಸೊಳ್ಳೆಮರಿಯೂ ಆಗುವುದಿಲ್ಲ. ನಾಲ್ಕೈದು ದಿನದಲ್ಲಿ ಮೊದಲ ತುಡುವೆ ಜೇನು, ಎಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು, ಬಂದು ಕಲ್ಲಿನ ಒದ್ದೆ ಅಂಚಿನಲ್ಲಿ ಕುಳಿತು, ಹೊಟ್ಟೆಯನ್ನು ಹಿಗ್ಗಿಸಿ ಕುಗ್ಗಿಸಿ ನೀರೆಳೆದುಕೊಳ್ಳುವುದನ್ನು ನೋಡುವಿರಿ.

ಇದನ್ನು ನನಗೆ ಕಲಿಸಿದವರು ತೀರ್ಥಹಳ್ಳಿ ಕಡೆಯ ನನ್ನ ಅಪ್ಪಯ್ಯ. ಅವರ ತೋಟದಲ್ಲಿ ಜೇನುಪೆಟ್ಟಿಗೆಗಳಿದ್ದವು. 1991–92ರ ಸುಮಾರಿಗೆ ಜೇನಿನ ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣ ಭಾರತದಲ್ಲಿ ತುಡುವೆ ಜೇನಿನ ಕುಟುಂಬಗಳು ಬಹುಪಾಲು ನಾಶವಾದಾಗ ನಮ್ಮ ಪೆಟ್ಟಿಗೆಗಳೂ ಬರಿದಾದವು. ಆ ವರ್ಷ ಅಪ್ಪಯ್ಯ ಖಾಲಿ ಪೆಟ್ಟಿಗೆಗಳ ಮುಂದೆಯೂ ದಿನಾ ತಟ್ಟೆಗೆ ನೀರು ಬಿಟ್ಟು ಬರುತ್ತಿದ್ದರು. ಇಂದಿನವರು ಜೇನಿಗೆ ಉಪಕಾರವಾಗಲೆಂದು ಸಕ್ಕರೆ ನೀರನ್ನೋ ಅಂಗಡಿಯ ಜೇನುತುಪ್ಪವನ್ನೋ ತಟ್ಟೆಯಲ್ಲಿಡುವುದನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕಾಗಿಯೇ. ಅದಕ್ಕೆ ಇರುವೆ ಮುತ್ತುತ್ತದೆ, ಬೇರೆ ಬೇರೆ ಗೂಡಿನ ಜೇನುಗಳು ಕಚ್ಚಾಡುತ್ತವೆ, ಒಂದರ ರೋಗ ಇನ್ನೊಂದಕ್ಕೆ ಅಂಟುತ್ತದೆ. ಬರೀ ನೀರು ಸಾಕು.

ಏಪ್ರಿಲ್ ಬಿಸಿಲಿಗೆ ಕುಂಡಗಳ ಮೇಲೆ ಹಳೆಯ ಬಿಳಿ ಪಂಚೆಯೊಂದನ್ನು ನಾಲ್ಕು ಗಳಗಳಿಗೆ ಎತ್ತರವಾಗಿ ಕಟ್ಟಿ, ಜೇನು ಬಂದುಹೋಗಲು ಸುತ್ತ ತೆರೆದಿರಲಿ. ಆದರೆ ಸಂಡಿಗೆ ಹಾಕುವ ಪಂಚೆಯನ್ನು ಇದಕ್ಕೆ ತೆಗೆಯಬೇಡಿ.

ಹುಳ ಬಿತ್ತೆಂದು ಕಂಡಕಂಡ ಔಷಧಿ ಹೊಡೆಯಬೇಡಿ. ಬೇವಿನ ಎಣ್ಣೆಯಾದರೂ ಜೇನು ಗೂಡು ಸೇರಿದ ಮೇಲೆ, ಮುಸ್ಸಂಜೆಯಲ್ಲಿ, ಹೂವಿಗೆ ತಾಗದಂತೆ ಎಲೆಯ ಅಡಿಗೆ ಮಾತ್ರ ಸಿಂಪಡಿಸಿ. ಕರಿಬೇವಿನ ಎಲೆ ತಿನ್ನುವ ಹಸಿರು ಹುಳವನ್ನು ಬಿಟ್ಟುಬಿಡಿ, ಅದು ಚಿಟ್ಟೆಯಾಗಿ ನಿಮ್ಮ ಕೇಪಳದ ಹೂವಿಗೇ ಬರುತ್ತದೆ. ಮೃಗಶಿರಾ ಮಳೆ ಹಿಡಿದ ಮೇಲೆ ಕಲ್ಲುಗಳನ್ನು ತೊಳೆದು ಚೀಲದಲ್ಲಿ ಕಟ್ಟಿಟ್ಟು, ತಟ್ಟೆಯನ್ನು ಅದೇ ಜಾಗದಲ್ಲಿ ಕವುಚಿಡಿ.